ಅಂಗಿಯ ತೋಳು ಮಡಚಿ ನೋಡುವ ಗುರುಶಾಂತವ್ವ

ಪುಷ್ಯದ ಚಳಿ ಇನ್ನೂ ನೆಲ ಬಿಟ್ಟಿಲ್ಲ. ಭತ್ತದ ಗದ್ದೆಗಳೆಲ್ಲ ಕೊಯ್ಲಾಗಿ ಬೋಳಾಗಿವೆ. ಕೆಲಸ ಇರುವುದು ಈಗ ಶುಂಠಿ ಹೊಲಗಳಲ್ಲಿ. ದಾಸನಕೊಪ್ಪದಿಂದ ಬನವಾಸಿ ಕಡೆ ಹೋಗುವ ದಾರಿ ಬಿಟ್ಟು ಒಳಗೆ ನಡೆದರೆ ಸಿಗುವ ಊರೊಂದರ ಅಂಗನವಾಡಿ. ಅದರ ಹಿತ್ತಲಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ಹಂಡೆ ಕೂತಿದೆ. ಕಾಳು ಬಿಡಿಸಿದ ಗೋವಿನಜೋಳದ ತೆನೆಗಳನ್ನು ಒಲೆಗೆ ಒಟ್ಟಿ, ಕುಕ್ಕರಗಾಲಲ್ಲಿ ಕೂತು ಊದುತ್ತಿರುವವರು ಗುರುಶಾಂತವ್ವ. ಇಲ್ಲಿನ ಸಹಾಯಕಿ. ಹೊಗೆಗೆ ಕಣ್ಣು ಕೆಂಪಾಗಿದೆ. ಸೂರ್ಯ ಇನ್ನೂ ಮರದ ಸಾಲು ದಾಟಿಲ್ಲ.

ಆಚೆ ರಸ್ತೆಯಲ್ಲಿ ಶುಂಠಿ ಕೀಳುವವರನ್ನು ಒಯ್ಯುವ ಗಾಡಿಯ ಹಾರ್ನ್ ಕೇಳುತ್ತದೆ. ಕೇಳಿದ್ದೇ ತಡ, ಕೇರಿಯ ಮೂಲೆಮೂಲೆಯಿಂದ ಹೆಂಗಸರು ಬರುತ್ತಾರೆ. ಒಂದು ಕೈಯಲ್ಲಿ ರೊಟ್ಟಿ ಗಂಟು, ಇನ್ನೊಂದು ಕೈಯಲ್ಲಿ ಅರೆನಿದ್ದೆಯ ಮಗು. ಅಂಗನವಾಡಿಯ ಕಟ್ಟೆಯ ಮೇಲೆ ಮಗುವನ್ನು ಇಳಿಸಿ, ಹಿಂತಿರುಗಿ ನೋಡದೆ ಓಡುತ್ತಾರೆ. ನೋಡಿದರೆ ಮಗು ಅಳುತ್ತದೆ, ಗಾಡಿ ತಪ್ಪುತ್ತದೆ.

ಹಿತ್ತಲ ಚಪ್ಪಡಿಯ ಮೇಲೆ ಮಕ್ಕಳ ಸಾಲು ನಿಲ್ಲುತ್ತದೆ. ಗುರುಶಾಂತವ್ವನ ಅತ್ತೆ, ಎಂಬತ್ತರ ಹತ್ತಿರದ ಪಾರ್ವತವ್ವ, ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು ಚೊಂಬಿನಿಂದ ಬಿಸಿನೀರು ಸುರಿಯುತ್ತಾರೆ. ಸೊಸೆ ತೊಳೆಯುತ್ತಾರೆ. ಕೈ, ಕಾಲು, ಕತ್ತು, ಕಿವಿಯ ಹಿಂದೆ.

"ಬಾರೋ ಸಾವ್ಕಾರ. ತೋಳು ಮಡಚು."

ಸಾವ್ಕಾರ ಅಂದರೆ ಶರಣ, ನಾಲ್ಕು ವರ್ಷದವನು. ಎರಡು ಅಂಗಿ, ಅದರ ಮೇಲೊಂದು ಸ್ವೆಟರು. "ಚಳಿ ಆಗ್ತೈತಿ" ಅನ್ನುತ್ತಾನೆ.

"ನೀರು ಬಿಸಿ ಐತಿ. ನಿಮ್ಮಪ್ಪನ ಚಾಕ್ಕಿಂತ ಬಿಸಿ ಐತಿ."

"ನಮ್ಮಪ್ಪ ಚಾ ಕುಡಿಯಂಗಿಲ್ಲ. ಬ್ಯಾರೇದು ಕುಡೀತಾನ."

ಗಾಡಿ ಹತ್ತಲು ಹೊರಟಿದ್ದ ಅವನ ತಾಯಿ ಕೂಡ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಾಳೆ. ಗುರುಶಾಂತವ್ವ ನಗುತ್ತಲೇ ತೋಳು ಮಡಚುತ್ತಾರೆ. ಮೊಣಕೈ ಹತ್ತಿರ ಉದ್ದನೆಯ ಗೀರು. ನಗು ಅಲ್ಲಿಗೆ ನಿಲ್ಲುತ್ತದೆ.

"ಇದೇನಪಾ?"

"ಬೆಕ್ಕು."

"ಬೆಕ್ಕು ಸುಮ್‌ಸುಮ್ನ ಪರಚ್ತಾ?"

"ನಾ ಬಾಲ ಜಗ್ಗಿದ್ದೆ."

"ಹಂಗಾರ ಬೆಕ್ಕಿಂದೇನು ತಪ್ಪಿಲ್ಲ ಬಿಡು." ಆದರೂ ಆಕೆ ಗೀರಿನ ಮೇಲೆ ಬೆರಳಾಡಿಸಿ, ಇನ್ನೊಂದು ತೋಳು ನೋಡಿ, ಅಂಗಿ ಎತ್ತಿ ಬೆನ್ನು ನೋಡಿ, ಆಮೇಲೆ ಬಿಡುತ್ತಾರೆ. ಸಂಜೆ ತಾಯಿ ಬಂದಾಗ ಅವಳನ್ನು ಬೇರೆ ಕರೆದು ಇದನ್ನೇ ಕೇಳುತ್ತಾರೆ. ಮಗು ಹೇಳಿದ್ದಕ್ಕೂ ತಾಯಿ ಹೇಳಿದ್ದಕ್ಕೂ ಹೊಂದಿಕೆಯಾಯಿತೋ, ಬೆಕ್ಕಿನ ಮಾತು ಅಲ್ಲಿಗೆ ಮುಗಿಯಿತು.

"ಚಳಿಗಾಲ ಅಂದ್ರ ನನಗ ಹೆದ್ರಿಕಿ ನೋಡ್ರಿ" ಅನ್ನುತ್ತಾರೆ. "ಅಂಗಿ ಮ್ಯಾಲ ಅಂಗಿ ಹಾಕಿ ಕಳಿಸ್ತಾರ. ಕೂಸಿನ ಮೈ ಕಾಣಂಗಿಲ್ಲ. ಬಿಸಿನೀರು ಇಟ್ರ ಹುಡುಗ್ರು ತಾವ ಅಂಗಿ ಬಿಚ್ತಾವ. ಸ್ವಚ್ಛ ಆಗ್ಲಿ ಅಂತ ನೀರು ಇಡ್ತಾಳ ಅಂತ ಊರಾಗ ತಿಳ್ಕೊಂಡಾರ. ತಿಳ್ಕೊಳ್ಳಿ."

ಕೈಕಾಲು ತೊಳೆಸಬೇಕೆಂಬ ನಿಯಮವೇನೋ ಇದೆ. ಒಲೆ ಹೊತ್ತಿಸಿ ನೀರು ಕಾಯಿಸಬೇಕೆಂಬ ನಿಯಮ ಇಲ್ಲ. ಇಷ್ಟು ಬೇಗ ಬಾಗಿಲು ತೆರೆಯಬೇಕೆಂದೂ ಇಲ್ಲ. ಸರಕಾರದ ಪ್ರಕಾರ ಅಂಗನವಾಡಿ ತೆರೆಯುವುದು ಹೊತ್ತೇರಿದ ಮೇಲೆ. ಶುಂಠಿ ಗಾಡಿ ಅಷ್ಟು ಹೊತ್ತು ಕಾಯುವುದಿಲ್ಲ. ನಡುವಿನ ಆ ಹೊತ್ತಿನಲ್ಲಿ ಕೂಲಿ ಮನೆಗಳ ಮಕ್ಕಳು ಎಲ್ಲಿರಬೇಕೆಂದು ಯಾವ ಆದೇಶದಲ್ಲೂ ಬರೆದಿಲ್ಲ. ಮೊದಲೆಲ್ಲ ಅವರು ಮನೆಯೊಳಗೇ ಇರುತ್ತಿದ್ದರು, ಹೊರಗಿನಿಂದ ಕೀಲಿ ಜಡಿದ ಮನೆಯೊಳಗೆ. ಕಿಟಕಿಯ ಸರಳು ಹಿಡಿದು ನಿಂತ ಒಬ್ಬ ಹುಡುಗನಿಗೆ ಗುರುಶಾಂತವ್ವ ಹೊರಗಿನಿಂದ ಅವಲಕ್ಕಿ ತಿನ್ನಿಸಿದ ಒಂದು ಬೆಳಿಗ್ಗೆಯ ನಂತರ ಅಂಗನವಾಡಿಯ ಬಾಗಿಲು ಗಾಡಿಯ ಹಾರ್ನಿಗೆ ಮೊದಲೇ ತೆರೆಯತೊಡಗಿತು.

"ಆ ತಾಯಿ ಮ್ಯಾಲ ನನಗ ಸಿಟ್ಟು ಬರ್ಲಿಲ್ರಿ. ಕೀಲಿ ಹಾಕಿದ್ದು ಆಕಿ, ಖರೆ. ಹಾಕೂ ಹಂಗ ಮಾಡಿದ್ದು ಯಾರು? ಅವರ ಮ್ಯಾಲ ಸಿಟ್ಟು. ಅವರು ಮುಂದ ಬರಂಗಿಲ್ಲ, ಅದಕ್ಕ ಇನ್ನೂ ಸಿಟ್ಟು."

ಎಲೆಯ ಮರೆಯಲ್ಲಿ ಉಳಿದವರನ್ನು ಬೆಳಕಿಗೆ ತರುವುದು ಇಂಥ ಬರಹಗಳ ಉದ್ದೇಶ. ಈಕೆಯ ವಿಷಯದಲ್ಲಿ ಅದು ಅರ್ಧಕ್ಕೇ ನಿಲ್ಲುತ್ತದೆ. ಗುರುಶಾಂತವ್ವ ಫೋಟೋ ಬೇಡವೆಂದರು. ಊರಿನ ಹೆಸರು ಬೇಡವೆಂದರು. "ನನ್ನ ಹೆಸರು ಹಾಕ್ರಿ, ಈ ಕಡೆ ಹತ್ತು ಮಂದಿ ಗುರುಶಾಂತವ್ವ ಅದೀವಿ. ಆದ್ರ ಆ ಕೂಸಿನ ಗುರುತು ಹತ್ತಬಾರ್ದು" ಎಂದರು. ಹಾಗಾಗಿ ಮುಂದೆ ಬರುವ ಹೆಣ್ಣುಮಗುವಿಗೆ ಇಲ್ಲಿ ಹೆಸರಿಲ್ಲ. ಅವಳ ತಂದೆಗೂ ಇಲ್ಲ. ಅವನಿಗೆ ಹೆಸರಿಲ್ಲದಿರುವುದು ಅವನ ಮರ್ಯಾದೆ ಉಳಿಸಲು ಅಲ್ಲ.

ಆ ಕಥೆಗೆ ಮೊದಲು ಪಾರ್ವತವ್ವನ ಬಳೆಯ ವಿಷಯ ಹೇಳಬೇಕು.

ಪಾರ್ವತವ್ವ ಒಂದು ಕಾಲಕ್ಕೆ ಈ ಸೀಮೆಯಲ್ಲಿ ಹೆಸರಾದವರು. ಕಾಮಾಲೆಯಾದರೆ, ಎಳೆಗೂಸಿಗೆ ಸೆಳೆತ ಬಂದರೆ, ಮಗು ಸೊರಗಿದರೆ ಜನ ಅವರ ಜಗುಲಿಗೆ ಬರುತ್ತಿದ್ದರು. ಮುರಿದ ತಾಮ್ರದ ಬಳೆಯ ತುಂಡೊಂದನ್ನು ಕೆಂಡದಲ್ಲಿ ಕಾಯಿಸಿ, ಮಗುವಿನ ಮೈಮೇಲೆ ಒತ್ತುತ್ತಿದ್ದರು. ಬರೆ ಹಾಕುವುದು ಅಂದರೆ ಅದು. ಕಾಮಾಲೆಗೆ ಮುಂಗೈ ಮೇಲೆ, ಸೆಳೆತಕ್ಕೆ ಹೊಕ್ಕುಳ ಪಕ್ಕ. ದುಡ್ಡು ಮುಟ್ಟುತ್ತಿರಲಿಲ್ಲ; ಒಂದು ಕಾಯಿ, ಎರಡು ಎಲೆ, ಅಡಿಕೆ. ಮತ್ತಿಘಟ್ಟದ ಕಡೆಯಿಂದಲೂ ಜೀಪು ಮಾಡಿಕೊಂಡು ಬಂದವರಿದ್ದಾರೆ. ಈ ಊರಿನಲ್ಲಿ ಮೂವತ್ತು ದಾಟಿದ ಯಾರ ಅಂಗಿ ಎತ್ತಿದರೂ ಎಲ್ಲೋ ಒಂದು ಕಡೆ ಬಟಾಣಿಯಷ್ಟು ದುಂಡನೆಯ ಕಲೆ ಸಿಗುತ್ತದೆ.

ಗುರುಶಾಂತವ್ವ ಆ ಮನೆಗೆ ಸೊಸೆಯಾಗಿ ಬಂದರು. ಗಂಡ ಶಂಭುಲಿಂಗ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದರು, ಈಗಲೂ ಇದ್ದಾರೆ. ಮೊದಲನೆಯದು ಹೆಣ್ಣು ಕೂಸು. ಎಂಟು ತಿಂಗಳಾಗಿದ್ದಾಗ ಜ್ವರ ಬಂತು, ಜ್ವರ ಏರಿ ಸೆಳೆತ ಬಂತು. ಅಜ್ಜಿ ಬಳೆ ಕಾಯಿಸಿದರು. ಬರೆ ಹಾಕಿದ ಮೇಲೆ ಅದು ಹಿಡಿಯಲು ಹೊತ್ತು ಬೇಕು ಎಂಬುದು ನಂಬಿಕೆ. ಮನೆಮಂದಿ ತೊಟ್ಟಿಲ ಸುತ್ತ ಕೂತು ಕಾದರು. ಮಧ್ಯಾಹ್ನ ಕಳೆದು, ಕೂಸಿನ ಕಣ್ಣು ಮೇಲಾದಾಗ ಶಿರಸಿಗೆ ಹೊರಟರು. ದಾರಿಯಲ್ಲೇ ಮುಗಿಯಿತು.

"ಬರೀಲಿಂದ ಸತ್ತಿತೋ ಜ್ವರದಿಂದ ಸತ್ತಿತೋ ನನಗ ಗೊತ್ತಿಲ್ರಿ" ಅನ್ನುತ್ತಾರೆ ಗುರುಶಾಂತವ್ವ, ತೊಳೆದ ಅಕ್ಕಿಯನ್ನು ಪಾತ್ರೆಗೆ ಹಾಕುತ್ತ. ದನಿ ಏರುವುದಿಲ್ಲ. "ನಾವು ಕಾದಿದ್ದಕ್ಕ ಸತ್ತಿತು."

ಅಂದಿನಿಂದ ಪಾರ್ವತವ್ವ ಬಳೆ ಮುಟ್ಟಲಿಲ್ಲ. ಬರೆ ಹಾಕಿಸಲು ಬಂದವರಿಗೆ "ಕೈ ನಡುಗ್ತೈತವ್ವ, ಇನ್ನ ಆಗಂಗಿಲ್ಲ" ಎಂದು ಹೇಳಿ ಕಳಿಸಿದರು. ಊರು ಅದನ್ನೇ ನಂಬಿತು. ಅಜ್ಜಿಗೆ ವಯಸ್ಸಾಯಿತು, ಕೈ ನಡುಗುತ್ತದೆ. ಬರೆ ತಪ್ಪು ಎಂದು ಅವರು ಯಾರಿಗೂ ಹೇಳಲಿಲ್ಲ. ಹಾಗಾಗಿ ಬರೆಯ ಮೇಲಿನ ನಂಬಿಕೆ ಅವರಿಗಿಂತ ಗಟ್ಟಿಯಾಗಿ ಉಳಿದುಕೊಂಡಿತು. ಅತ್ತೆ ಸೊಸೆ ಒಂದೇ ಒಲೆಯಲ್ಲಿ ಅಡುಗೆ ಮಾಡಿದರು, ಒಂದೇ ಹಂಡೆಯ ನೀರು ಮಿಂದರು. ಆ ಮಧ್ಯಾಹ್ನದ ಮಾತು ಮಾತ್ರ ಎತ್ತಲಿಲ್ಲ. ಅಂಗನವಾಡಿಗೆ ಸಹಾಯಕಿ ಬೇಕೆಂದು ಕೇಳಿದಾಗ ಗುರುಶಾಂತವ್ವ ಯಾರನ್ನೂ ಕೇಳದೆ ಹೂಂ ಅಂದರು. ಈ ಕೆಲಸಕ್ಕೆ ಸಿಗುವುದನ್ನು ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. "ಗೌರವ ಎಲ್ಲೈತಿ ಅಂತ ನಾನೂ ಹುಡುಕಾಕ್ಹತ್ತೀನಿ. ಧನಾನೂ ಸಿಗವಲ್ತು" ಎಂದು ಆಕೆ ನಗೆಯಾಡುವುದುಂಟು.

ಹೋದ ವರ್ಷ ಇದೇ ಚಳಿಯಲ್ಲಿ ಒಂದು ಹೆಣ್ಣುಮಗು ಕಾಲು ತೊಳೆಯಲು ಬಿಡಲಿಲ್ಲ. ಇನ್ನೂ ನಾಲ್ಕು ತುಂಬದ ಕೂಸು. ತಾಯಿ ಎರಡನೇ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ತಂದೆ ಅನಾನಸು ವ್ಯಾಪಾರದವನು, ಸ್ವಂತ ಪಿಕಪ್ ಗಾಡಿ, ಊರಲ್ಲಿ ನಾಲ್ಕು ಜನ ಮಾತು ಕೇಳುವ ಮನುಷ್ಯ. ಕೂಸಿನ ಮೈಮೇಲೆ ಉದ್ದ ಲಂಗ, ಒಳಗೆ ಬಿಗಿಯಾದ ಪ್ಯಾಂಟು. ಗುರುಶಾಂತವ್ವ ಪ್ಯಾಂಟು ಮೇಲೆ ಸರಿಸಲು ಹೋದರೆ ಕೂಸು ಕಾಲು ಎಳೆದುಕೊಂಡಿತು. ಅಳಲಿಲ್ಲ.

"ಅತ್ತಿದ್ರ ನನಗ ಇಷ್ಟು ಹೆದ್ರಿಕಿ ಆಗ್ತಿರ್ಲಿಲ್ಲ" ಅನ್ನುತ್ತಾರೆ ಆಕೆ. "ಅಳಬ್ಯಾಡ ಅಂತ ಯಾರೋ ಹೇಳಿ ಕಳಿಸಿದ ಕೂಸು ಹೆಂಗಿರ್ತೈತಿ, ಹಂಗಿತ್ತು."

ತೊಡೆಯ ಹಿಂದೆ ಉದ್ದನೆಯ ಸುಟ್ಟ ಗಾಯ. ಪಕ್ಕದಲ್ಲಿ ಇನ್ನೊಂದು, ಮಾಯುತ್ತಿದ್ದದ್ದು. ಏನವ್ವ ಇದು ಎಂದು ಕೇಳಿದರೆ ಕೂಸು ಬಾಯಿಪಾಠ ಒಪ್ಪಿಸಿತು: "ಪಾರ್ವತಜ್ಜಿ ಹಾಕಿದ್ದು. ಕಾಮಾಲಿಗೆ."

ಆ ಕ್ಷಣಕ್ಕೆ ಗುರುಶಾಂತವ್ವ ಅದನ್ನು ನಂಬಿಬಿಟ್ಟರು. ಒಲೆ ಮೇಲಿದ್ದ ಉಪ್ಪಿಟ್ಟನ್ನು ಹಾಗೇ ಬಿಟ್ಟು ಮನೆಗೆ ಓಡಿದರು. ಜಗುಲಿಯಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆಯ ಎದುರು ನಿಂತು, ಇಷ್ಟು ವರ್ಷ ಆಡದ ಮಾತುಗಳನ್ನೆಲ್ಲ ಒಂದೇ ಸಲಕ್ಕೆ ಆಡಿದರು. ಆ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಕೊನೆಯದೊಂದನ್ನು ಬರೆಯಬಹುದು: "ನನ್ನ ಕೂಸು ಸಾಲ್ಲಿಲ್ಲೇನು ನಿನಗ?"

ಪಾರ್ವತವ್ವ ಬತ್ತಿ ಕೆಳಗಿಟ್ಟರು. "ನಾನಲ್ಲ" ಅಂದರು.

"ಕೂಸಿನ ಮುಂದ ಬಂದು ಹೇಳ್ತಿ?"

ಅಜ್ಜಿ ಕೋಲು ಹಿಡಿದು ಎದ್ದರು. ಅಂಗನವಾಡಿಯ ಹಿತ್ತಲಿಗೆ ಬಂದು, ಚಪ್ಪಡಿಯ ಮೇಲೆ ಕೂತು, ಕೂಸನ್ನು ಮಡಿಲಿಗೆ ಎಳೆದುಕೊಂಡು ಗಾಯ ನೋಡಿದರು. ತಾಗಿಸದೆ ಬೆರಳು ಹಿಡಿದು ಅದರ ಅಗಲ ಅಳೆದರು. ಆಮೇಲೆ ಸೊಸೆಗೆ, "ಇದು ಬಳಿ ಅಲ್ಲ. ಸೌಟಿನ ಹಿಡಿಕಿ" ಅಂದರು. ಕೂಸಿಗೆ, "ಹಾಸಿಗ್ಯಾಗ ಉಚ್ಚಿ ಹೊಯ್ಕೊಂತಿ ಏನವ್ವಾ?" ಎಂದು ಕೇಳಿದರು. ಕೂಸು ಆಗ ಅತ್ತಿತು.

ಹಾಸಿಗೆ ಒದ್ದೆ ಮಾಡಿದ್ದಕ್ಕೆ ಸುಟ್ಟಿದ್ದ ತಂದೆ, ಆ ತಪ್ಪು ಮುಚ್ಚಲು ಊರಿನ ಪದ್ಧತಿಯನ್ನೇ ಹೊದಿಕೆ ಮಾಡಿಕೊಂಡಿದ್ದ. ಬೇರೆ ಊರಿನಲ್ಲಾಗಿದ್ದರೆ ಬಿದ್ದದ್ದು, ಬಿಸಿನೀರು ಚೆಲ್ಲಿದ್ದು ಎನ್ನಬೇಕಾಗಿತ್ತು. ಇಲ್ಲಿ ಅದರ ಅಗತ್ಯವೇ ಇರಲಿಲ್ಲ. ಪಾರ್ವತವ್ವನ ಹೆಸರು ಹೇಳಿದರೆ ಸಾಕು. ಸುಟ್ಟದ್ದು ಔಷಧಿಯಾಗುತ್ತದೆ, ಸುಟ್ಟವನು ಕಾಳಜಿಯ ಅಪ್ಪನಾಗುತ್ತಾನೆ.

ಅಂಗನವಾಡಿಯ ಕಾರ್ಯಕರ್ತೆ ಪ್ರತಿಭಾ, ಮಕ್ಕಳಿಗೆ ಅಕ್ಕೋರು, ಇನ್ನೂ ಚಿಕ್ಕ ವಯಸ್ಸಿನವರು. ಆಗ ಬಾಡಿಗೆಗಿದ್ದದ್ದು ಆ ತಂದೆಯ ಅಣ್ಣನ ಮನೆಯಲ್ಲಿ. "ಫೋನ್ ನೀವು ಮಾಡಿ ಗುರುಶಾಂತಕ್ಕ. ನಾನು ಪಕ್ಕದಲ್ಲೇ ನಿಂತಿರ್ತೇನೆ, ಎಲ್ಲಿಗೂ ಹೋಗೂದಿಲ್ಲ" ಅಂದರು. ನಿಂತೇ ಇದ್ದರು. ಗುರುಶಾಂತವ್ವ ಮಕ್ಕಳ ಸಹಾಯವಾಣಿ ೧೦೯೮ಕ್ಕೆ ಫೋನು ಮಾಡಿದರು. ಉಪಕೇಂದ್ರದ ನರ್ಸ್ ವಾಣಿಶ್ರೀ ಸ್ಕೂಟರಿನಲ್ಲಿ ಬಂದು ಗಾಯಕ್ಕೆ ಮದ್ದು ಹಚ್ಚಿದರು. ಸಹಾಯವಾಣಿಯವರು ಮರುದಿನವೇ ಬರುತ್ತೇವೆಂದರು. ಅಲ್ಲಿಯವರೆಗೆ ಕೂಸನ್ನು ಆ ಮನೆಗೆ ಕಳಿಸುವುದಿಲ್ಲವೆಂದು ಗುರುಶಾಂತವ್ವ ಹಟ ಹಿಡಿದು, ತಮ್ಮ ಮನೆಗೆ ಎತ್ತಿಕೊಂಡು ಹೋದರು.

ಇಲ್ಲಿಂದ ಮುಂದೆ ನಡೆದದ್ದನ್ನು ಬರೆಯುವಾಗ ಸಮಾಧಾನ ಉಳಿಯುವುದಿಲ್ಲ.

ಸಂಜೆಯೊಳಗೆ ಊರಿನ ಹಿರಿಯ, ಹಿಂದೆ ಪಂಚಾಯ್ತಿ ಸದಸ್ಯರಾಗಿದ್ದ ಚನ್ನಬಸವ, ಕಟ್ಟೆಗೆ ಜನ ಸೇರಿಸಿದರು. ಸೇರಿದ್ದು ಕೂಸಿನ ಗಾಯ ವಿಚಾರಿಸಲು ಅಲ್ಲ. ಫೋನು ಯಾಕೆ ಮಾಡಿದಿರಿ ಎಂದು ವಿಚಾರಿಸಲು. ಮಕ್ಕಳ ರಕ್ಷಣೆಗೆಂದು ಊರಿಗೊಂದು ಸಮಿತಿ ಇದೆ, ಚನ್ನಬಸವರೂ ಅದರಲ್ಲಿದ್ದಾರೆ. ಆ ಸಮಿತಿ ಹಿಂದೆ ಯಾವಾಗಲಾದರೂ ಸೇರಿತ್ತೇ ಎಂದು ಕೇಳಿದರೆ ಯಾರಿಗೂ ನೆನಪಿಲ್ಲ.

"ಮನಿ ಅಂದ್ಮ್ಯಾಲ ಒಂದು ಮಾತು ಬರ್ತೈತಿ, ಒಂದು ಏಟು ಬೀಳ್ತೈತಿ. ಅದನ್ನ ಜಿಲ್ಲಾಕ್ಕ ಮುಟ್ಟಿಸ್ತಾರೇನು?" ಎಂದರು ಚನ್ನಬಸವ, ಗುರುಶಾಂತವ್ವನತ್ತ ತಿರುಗಿ. "ನಾಳೆ ಬಂದೋರಿಗೆ, ಫೋನು ಗೊತ್ತಾಗದ ಮಾಡಿದ್ದು ಅಂತ ಹೇಳಿಬಿಡು ತಂಗಿ. ಮುಗೀತು."

ತಂದೆ ಕೈಮುಗಿದು ಎದ್ದ. "ಕೂಸಿಗೆ ಕಣ್ಣು ಹಳದಿ ಆಗಿದ್ದು ನೋಡಿ ಪಾರ್ವತವ್ವನ ಕಡೆ ಒಯ್ದೆ. ಕೈ ನಡುಗ್ತೈತಿ ಅಂದ್ಲು, ಕಾಲಿಗೆ ಬಿದ್ದೆ, ಆಕಿನೇ ಹಾಕಿದ್ದು. ಈಗ ಸೊಸಿ ಬಂದು ನನ್ನ ಮ್ಯಾಲ ಹೊರಸ್ತಾಳ" ಅಂದ. ಸಭೆ ತಲೆದೂಗಿತು. ಅವನ ಮಾತು ನಿಂತಿದ್ದರೆ, ಮರುದಿನ ಬಂದವರ ಮುಂದೆ ಇಡೀ ಊರು ಅದನ್ನೇ ಹೇಳುತ್ತಿತ್ತು. ಗುನ್ನೆ ಮುದುಕಿಯ ತಲೆಗೆ ಬರುತ್ತಿತ್ತು, ಕೂಸು ಅದೇ ಮನೆಗೆ, ಅದೇ ಸೌಟಿನ ಹತ್ತಿರಕ್ಕೆ ವಾಪಸು ಹೋಗುತ್ತಿತ್ತು.

ಹಿಂದಿನ ಸಾಲಿನಲ್ಲಿ ಕೋಲೂರಿ ನಿಂತಿದ್ದ ಪಾರ್ವತವ್ವ ಮುಂದೆ ಬಂದರು.

"ಕಾಮಾಲಿಗೆ ನಾ ಹಾಕ್ತಿದ್ದುದು ಮುಂಗೈ ಮ್ಯಾಲ. ಬಟಾಣಿ ಕಾಳಿನಷ್ಟು. ತೊಡಿ ಹಿಂದ ಹಾಕಾಕ ನನಗೇನು ಹುಚ್ಚು ಹಿಡಿದಿತ್ತೇನು? ಆ ಕೂಸಿನ ಮೈ ನೋಡಿ ಬಂದೀನಿ. ನಿಮ್ಮನಿ ಅಡಗಿ ಸೌಟು ತರ್ಸಪಾ ಇಲ್ಲಿ. ಅದರ ಹಿಡಿಕಿ ಎಷ್ಟಗಲ ಐತಿ ನೋಡೂಣು."

"ಅವ್ವಾ, ನಿನಗ ವಯಸ್ಸಾತು. ಮರ್ತಿರ್ಬೇಕು" ಎಂದರು ಚನ್ನಬಸವ, ಮೆತ್ತಗೆ.

"ಮರ್ತಿಲ್ಲ. ನಿನಗೂ ಹಾಕೀನಿ. ಅಂಗಿ ಎತ್ತು, ಎಲ್ಲಿ ಐತಿ ಅಂತ ಹೇಳ್ತೀನಿ."

ಚನ್ನಬಸವರ ಕೈ ತಂತಾನೇ ಹೊಟ್ಟೆಯ ಮೇಲೆ ಹೋಯಿತು. ಹಿಂದೆ ಕೂತಿದ್ದ ಹುಡುಗರು ನಕ್ಕರು. ಆ ನಗೆಯಲ್ಲೇ ಸಭೆ ಒಡೆಯಿತು. ಸೌಟು ತರಿಸುವ ಮಾತನ್ನು ತಂದೆ ಎತ್ತಲಿಲ್ಲ.

ಮರುದಿನ ಅಧಿಕಾರಿಗಳು ಬಂದರು. ತಾಯಿಯನ್ನು ತವರಿನಿಂದ ಕರೆಸಿದರು. ಅವಳು ಬಾಣಂತಿ, ಕಿವಿಗೆ ಹತ್ತಿ ಇಟ್ಟುಕೊಂಡು ಬಂದಿದ್ದಳು. ಮಗಳ ತೊಡೆ ನೋಡಿದ ಮೇಲೆ ಆ ಮನೆಯ ಹೊಸ್ತಿಲು ಮೆಟ್ಟಲಿಲ್ಲ. ಕೂಸು ಈಗ ಅವಳ ಜೊತೆ ಬೇರೆ ಊರಲ್ಲಿದೆ. ಹಾಸಿಗೆ ಒದ್ದೆ ಮಾಡುವುದು ನಿಂತಿದೆಯಂತೆ. ಬೆಂಕಿಕಡ್ಡಿ ಗೀರಿದ ಸದ್ದಿಗೆ ಮಾತ್ರ ಈಗಲೂ ಬೆಚ್ಚುತ್ತದಂತೆ. ತಂದೆಯ ಮೇಲಿನ ಕೇಸು ನಡೆಯುತ್ತಿದೆ. ಅವನು ಜಾಮೀನಿನ ಮೇಲೆ ಹೊರಗಿದ್ದಾನೆ, ಅನಾನಸು ತುಂಬಿದ ಪಿಕಪ್ ದಿನಾ ಅಂಗನವಾಡಿಯ ಮುಂದಿನಿಂದಲೇ ಹೋಗುತ್ತದೆ. ಹೋಗುವಾಗ ಹಾರ್ನ್ ಒತ್ತಿ ಹಿಡಿಯುತ್ತಾನೆ.

ಊರು ಅವನನ್ನು ದೂರ ಮಾಡಲಿಲ್ಲ, ಗುರುಶಾಂತವ್ವನನ್ನು ಮಾಡಿತು. ಅಂಗಡಿಯಲ್ಲಿ ಮಾತಾಡಿಸುವವರಿಲ್ಲ. ಹಲವು ಮನೆಯವರು ಮಕ್ಕಳನ್ನು ಕಳಿಸುವುದು ನಿಲ್ಲಿಸಿದರು. ಒಂದು ಬೆಳಿಗ್ಗೆ ಬಂದು ನೋಡಿದರೆ ಹಂಡೆಯೊಳಗೆ ಸಗಣಿ. ಆಕೆ ಬೈಯಲಿಲ್ಲ. ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ, ಮತ್ತೆ ಒಲೆಗೇರಿಸಿದರು. ಈ ಸಲದ ಶುಂಠಿಯ ಕೆಲಸ ಶುರುವಾದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ವಾಪಸು ಬಂದರು. ಗಾಡಿಯ ಹೊತ್ತಿಗೆ ಬಾಗಿಲು ತೆರೆದಿರುವ ಜಾಗ ಊರಲ್ಲಿ ಬೇರೆ ಇಲ್ಲ.

"ಈಗ್ಲೂ ಕೆಲವ್ರು ನನ್ನ ಮುಖ ನೋಡಂಗಿಲ್ಲ. ಮುಖ ತಿರುವಿಕೊಂಡೇ ಕೂಸು ಕೈಗೆ ಕೊಡ್ತಾರ" ಎಂದು ಹೇಳುತ್ತ ಗುರುಶಾಂತವ್ವ ಮುಖ ತಿರುಗಿಸಿ ಕೈ ಚಾಚಿ ತೋರಿಸುತ್ತಾರೆ. ಪ್ರತಿಭಾ ಅಕ್ಕೋರು ನಗು ತಡೆಯಲಾರದೆ ಒಳಗೆ ಹೋಗುತ್ತಾರೆ. ಅವರು ಈಗ ಬೇರೆ ಮನೆಗೆ ಬಾಡಿಗೆಗೆ ಹೋಗಿದ್ದಾರೆ. ಹೋಗಬೇಕಾಯಿತು.

ನರ್ಸ್ ವಾಣಿಶ್ರೀ ಇಸಳೂರಿನಿಂದ ದಿನಾ ಬಂದು ಹೋಗುವವರು. ಈ ವಿಷಯ ಎತ್ತಿದರೆ ಅವರಿಗೂ ಸಿಟ್ಟು ಬರುತ್ತದೆ. "ಗಾಯಕ್ಕೆ ಮದ್ದು ಹಚ್ಚಿ ಕಳಿಸ್ತೇವೆ. ಮತ್ತದೇ ಮಗು, ಮತ್ತೊಂದು ಗಾಯ. ದೊಡ್ಡಾದ ಮೇಲೆ ಅದಕ್ಕೆ ನಿದ್ದೆ ಇಲ್ಲ, ಓದು ಹತ್ತುದಿಲ್ಲ, ಎಂತಕ್ಕೆ ಅಂತ ಕೇಳಿಕೊಂಡು ಮತ್ತೆ ನಮ್ಮ ಹತ್ರವೇ ಬರ್ತಾರೆ. ಲಸಿಕೆ ಕೊಡೂದು ರೋಗ ಬರೂಕಿಂತ ಮೊದಲು ಅಲ್ವಾ? ಇದಕ್ಕೂ ಮೊದಲೇ ಹೋಗಬೇಕು, ಮನೆಗೆ ಹೋಗಬೇಕು. ಹೋದ್ರೆ, ನೀವು ಎಂತಕ್ಕೆ ಬಂದ್ರಿ ಅಂತಾರೆ."

ಗುರುಶಾಂತವ್ವ ಇದನ್ನೇ ತಮ್ಮ ಮಾತಿನಲ್ಲಿ ಹೇಳುತ್ತಾರೆ. ಸಿದ್ದಾಪುರದ ಕಡೆ ಮಂಗನ ಕಾಯಿಲೆಯ ಭಯವಿರುವ ಕಾಲ ಇದು. ಕಾಡಿನಲ್ಲಿ ಮಂಗ ಸತ್ತು ಬಿದ್ದಿದ್ದು ಕಂಡರೆ ತಕ್ಷಣ ತಿಳಿಸಿ ಎಂಬ ಚೀಟಿ ಅಂಗನವಾಡಿಯ ಗೋಡೆಯ ಮೇಲೂ ಇದೆ.

"ಮಂಗ್ಯಾ ಸತ್ರ ಫೋನ್ ಮಾಡ್ರಿ ಅಂತಾರ. ಮಾಡ್ತೀವಿ. ಯಾರೂ, ಅದು ಕಾಡಿನ ವಿಷಯ, ನಿನಗ್ಯಾಕ ಅನ್ನಂಗಿಲ್ಲ. ಡೆಂಗಿ ಬಂದ್ರ ಮನಿಮನಿ ಹೊಕ್ಕು ಹಂಡೆ ಬಗ್ಗಿಸಿ ನೋಡ್ತೀವಿ. ಪೋಲಿಯೋ ಹನಿ ಹಾಕಾಕ ಹೊಲದಾಗ ಹುಡುಕ್ಕೊಂಡು ಹೋಗ್ತೀವಿ. ಕೂಸಿನ ಮೈ ಸುಟ್ಟಿದ್ದು ಕಂಡ್ರ ಮಾತ್ರ ಅದು ಮನಿ ವಿಷಯ ಹೆಂಗಾಕ್ಕೈತ್ರಿ? ಮಂಗ್ಯಾಗ ಇದ್ದ ಕಿಮ್ಮತ್ತು ಕೂಸಿಗೆ ಇಲ್ಲೇನು?"

ಇಷ್ಟು ಹೇಳಿ ಆಕೆ ಸೌಟಿನಿಂದ ಸಾರು ಕದಡುತ್ತಾರೆ. ಸೊಂಟಕ್ಕೆ ಸೆರಗು ಬಿಗಿದು, ಬೇಳೆ ಬೆಂದಿದೆಯೇ ಎಂದು ಬೆರಳಲ್ಲಿ ಒತ್ತಿ ನೋಡುತ್ತಾರೆ.

ಕಟ್ಟೆಯ ಮೇಲೆ ಮಾತಾಡಿ ಬಂದ ಸಂಜೆ ಪಾರ್ವತವ್ವ ಸೊಸೆಗೆ ಒಂದು ಮಾತು ಕೇಳಿದ್ದರು. ಬಾಗಿಲ ಹತ್ತಿರ ನಿಂತು, ಒಳಗೆ ಬರದೆ ಕೇಳಿದ್ದರು: "ತೀರಿತೇನವ್ವಾ?" ಯಾವ ಋಣ ಎಂದು ಇಬ್ಬರೂ ಹೆಸರಿಸಲಿಲ್ಲ.

ಗುರುಶಾಂತವ್ವ ಕೂಸಿಗೆ ಅನ್ನ ಕಲಸುತ್ತಿದ್ದರು. "ಅರ್ಧ ಹೇಳಿದಿ. ಇನ್ನರ್ಧ ಬಾಕಿ ಐತಿ" ಅಂದರು.

ಅರ್ಧ ಅಂದರೇನು ಎಂಬುದನ್ನು ಆಕೆಯೇ ಬಿಡಿಸಿ ಹೇಳುತ್ತಾರೆ. "ಇದು ನನ್ನ ಬರಿ ಅಲ್ಲ ಅಂದ್ಲು. ಆ ಕೂಸು ಉಳೀತು, ಇಲ್ಲಂತ ಹೇಳಂಗಿಲ್ಲ. ಆದ್ರ ನನ್ನ ಬರೀನೂ ತಪ್ಪು ಅಂತ ಅನ್ಲಿಲ್ಲ. ಅದನ್ನ ಅಂದಿದ್ರ ನಾಳೆ ಯಾವ ಅಪ್ಪನೂ ಆ ಹೆಸ್ರು ಹೇಳಿ ಕೂಸಿನ ಮೈ ಸುಡಾಕ ಆಗ್ತಿರ್ಲಿಲ್ಲ."

ಮರುದಿನದಿಂದ ಪಾರ್ವತವ್ವ ಕೋಲು ಹಿಡಿದು ಸೊಸೆಯ ಹಿಂದೆ ಅಂಗನವಾಡಿಗೆ ಬರತೊಡಗಿದರು. ಯಾರೂ ಕರೆಯಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಮಣೆ ಹಾಕಿಕೊಂಡು ಕೂತು ಚೊಂಬು ಹಿಡಿದರು. ಒಂದು ವರ್ಷವಾಯಿತು.

ಇಂದು ಶುಂಠಿ ಗಾಡಿ ಹೋದ ಮೇಲೆ, ಬಿಸಿಲು ಹಿತ್ತಲಿಗೆ ಇಳಿಯುವ ಹೊತ್ತಿಗೆ, ಬೈಕೊಂದು ಬಂದು ನಿಲ್ಲುತ್ತದೆ. ಹಿಂದಿನಿಂದ ಇಳಿದವಳು ಪಕ್ಕದ ಊರಿನ ಎಳೆ ಬಾಣಂತಿ. ಕಂಬಳಿಯಲ್ಲಿ ಸುತ್ತಿದ ಕೂಸನ್ನು ಹಿಡಿದು, ಯಾರನ್ನೂ ನೋಡದೆ ನೇರ ಮಣೆಯ ಹತ್ತಿರ ಬಂದು ಕೂರುತ್ತಾಳೆ. ಕೂಸಿನ ಕಣ್ಣು, ಕೆನ್ನೆ, ಅಂಗಾಲು ಅರಿಸಿನ ಬಳಿದಂತೆ ಇವೆ.

"ಅಜ್ಜಿ, ಒಂದೇ ಒಂದು ಸಣ್ಣದು ಹಾಕ್ರಿ. ನಮ್ಮವ್ವ ನಿಮ್ಮ ಕಡೆನೇ ಹೋಗು ಅಂದ್ಲು."

ಗುರುಶಾಂತವ್ವ ಒಳಗಿನಿಂದ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಅತ್ತೆಯನ್ನೇ ನೋಡುತ್ತಾರೆ. ಪಾರ್ವತವ್ವ ಸೊಸೆಯತ್ತ ಒಮ್ಮೆ ನೋಡಿ, ಕೂಸಿನ ಕಡೆಗೆ ತಿರುಗುತ್ತಾರೆ.

"ಕೈ ನಡುಗ್ತೈತವ್ವ ಈಗ" ಅನ್ನುತ್ತಾರೆ ಅಜ್ಜಿ. "ಆಸ್ಪತ್ರಿಗೆ ಒಯ್ಯಿ."

"ಹಂಗಾರ ಬ್ಯಾರೆ ಯಾರರ ಹಾಕೋರು ಅದಾರೇನ್ರಿ?"

ಗುರುಶಾಂತವ್ವ ದಡದಡ ಮೆಟ್ಟಿಲಿಳಿದು ಬಂದು ಕೂಸನ್ನು ಎತ್ತಿಕೊಳ್ಳುತ್ತಾರೆ. "ಯಾರೂ ಇಲ್ಲ. ಇದ್ರೂ ನಿನಗ ಹೇಳಂಗಿಲ್ಲ. ಎದ್ದೇಳು!" ವಾಣಿಶ್ರೀಗೆ ಫೋನು ಹೋಗುತ್ತದೆ. ಬೈಕಿನವನಿಗೆ ಗಾಡಿ ತಿರುಗಿಸಲು ಹೇಳುತ್ತಾರೆ. ಬಾಣಂತಿಯನ್ನು ಕೂರಿಸಿ, ಕೂಸನ್ನು ಅವಳ ಸೆರಗಿನೊಳಗೆ ಬೆಚ್ಚಗೆ ಸೇರಿಸಿ, "ಮನಿಗೆ ಅಲ್ಲ, ನಡುವ ಎಲ್ಲೂ ನಿಲ್ಲಬ್ಯಾಡ, ಶಿರಸಿಗೆ ಹೋಗು. ಮುಟ್ಟಿದ ಕೂಡ್ಲೆ ನನಗ ಫೋನ್ ಮಾಡು" ಎಂದು ಎರಡೆರಡು ಸಲ ಹೇಳುತ್ತಾರೆ. ಬೈಕು ತಿರುವಿನಲ್ಲಿ ಮರೆಯಾಗುವವರೆಗೂ ರಸ್ತೆಯಲ್ಲಿ ನಿಂತಿರುತ್ತಾರೆ.

ಹಿಂತಿರುಗಿ ಬಂದಾಗ ಅವರ ಮುಖ ಬಿಗಿದಿದೆ. ಇಷ್ಟೆಲ್ಲ ಮಾಡಿದ್ದೀರಿ, ನಿಮಗೇನು ಬೇಕು ಎಂದು ಕೇಳಿದ್ದಕ್ಕೆ ಉತ್ತರ ಬರುತ್ತದೆ, ಅತ್ತೆಗೆ ಕೇಳಿಸುವ ಹಾಗೆ.

"ಪಗಾರ ಹೆಚ್ಚು ಮಾಡ್ರಿ ಅಂತ ಬರೀರಿ, ಅದು ಬ್ಯಾರೆ. ನನಗ ಬೇಕಾಗಿದ್ದು ಒಂದ ಐತಿ. ಈ ಮುದುಕಿ ಕಣ್ಣು ಮುಚ್ಚೂಕಿಂತ ಮೊದ್ಲು ಅದ ಕಟ್ಟಿ ಮ್ಯಾಲ ನಿಂತು ಒಂದ್ಸಲ ಬಾಯಿಬಿಟ್ಟು ಹೇಳ್ಬೇಕು. ಕೈ ನಡುಗ್ತೈತಿ ಅಂತಲ್ಲ. ನಾ ಹಾಕಿದ್ದೂ ತಪ್ಪು, ಅದನ್ನ ನಂಬಿ ಕಾದಿದ್ದಕ್ಕ ನನ್ನ ಮೊಮ್ಮಗಳು ಹೋದ್ಲು ಅಂತ. ಅಲ್ಲೀಮಟ ಬಾಕಿ ಬಾಕಿನೇ."

ತಡವಾಗಿ ಬಂದ ಪುಟ್ಟ ಹುಡುಗಿಯೊಬ್ಬಳು ಚಪ್ಪಡಿಯ ಮೇಲೆ ನಿಂತು, ತೋಳು ತಾನೇ ಮಡಚಿಕೊಂಡು, ಎರಡೂ ಅಂಗೈ ಮುಂದೆ ಹಿಡಿದಿದ್ದಾಳೆ. ಅಜ್ಜಿ ಹಂಡೆಯಿಂದ ಚೊಂಬು ತುಂಬಿಕೊಳ್ಳುತ್ತಾರೆ. ಅಂಚಿನವರೆಗೂ ತುಂಬಿದ ಆ ಚೊಂಬನ್ನು ಒಂದೇ ಕೈಯಲ್ಲಿ ಎತ್ತಿ, ಎಳೆಯ ಅಂಗೈಗಳ ಮೇಲೆ ದಾರದಂಥ ಧಾರೆಯಾಗಿ ಬಿಸಿನೀರು ಬಿಡುತ್ತಾರೆ. ಆ ಕೈ ಒಂದಿಷ್ಟೂ ನಡುಗುವುದಿಲ್ಲ.